ವಂಶವಾಹಿಯಲ್ಲಿ ಓಟ ಎಷ್ಟು?



ಈ ದತ್ತಿ ಉಪನ್ಯಾಸ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರ ನೆನಪಿನದು. ನಮ್ಮ ಹೈಸ್ಕೂಲಿನಲ್ಲಿ ಅವರನ್ನು ಎಲ್ಲರೂ ಡ್ರಿಲ್ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಅವರ ಸೀಟಿಯ ಸದ್ದಿಗೆ ಓಡಿದವರು, ಬಿದ್ದು ಎದ್ದವರು ಒಟ್ಟಾಗಿ ಹಣ ಕೂಡಿಸಿ ಈ ಉಪನ್ಯಾಸವನ್ನು ನಡೆಸಿಕೊಂಡು ಬಂದಿದ್ದಾರೆ. ನಾನೂ ಅವರ ಶಿಷ್ಯನೇ. ಮುಂದೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಶರೀರಕ್ರಿಯಾಶಾಸ್ತ್ರ ಪಾಠ ಹೇಳಿದೆ. ಹೃದಯ, ರಕ್ತ, ಉಸಿರು, ಸ್ನಾಯು ಇವೆಲ್ಲ ನನ್ನ ದಿನನಿತ್ಯದ ಮಾತು. ಆದರೆ ಇವತ್ತಿನ ವಿಷಯ ನನಗೆ ಪಾಠದ ಕೋಣೆಯಲ್ಲಿ ಹೊಳೆದದ್ದಲ್ಲ, ಮೇಷ್ಟ್ರ ಬಾಯಿಂದ ಬಂದ ಒಂದು ಪ್ರಶ್ನೆಯಿಂದ ಹುಟ್ಟಿದ್ದು.

ಅದು ತಾಲ್ಲೂಕು ಮಟ್ಟದ ಕ್ರೀಡಾಕೂಟ. ಸುಣ್ಣದ ಗೆರೆ ಎಳೆದ ಇನ್ನೂರು ಮೀಟರಿನ ಟ್ರ್ಯಾಕ್, ಅದರಲ್ಲಿ ಹದಿನೈದು ಸುತ್ತಿನ ಮೂರು ಸಾವಿರ ಮೀಟರ್ ಓಟ. ನಮ್ಮ ಶಾಲೆಯಿಂದ ಅಣ್ಣ ತಮ್ಮ ಇಬ್ಬರು ಓಡಿದರು, ಇಬ್ಬರೂ ಬರಿಗಾಲಿನಲ್ಲಿ. ಅಣ್ಣ ಅರ್ಧ ಸುತ್ತು ಮುಂದಿದ್ದು ಗೆದ್ದ. ತಮ್ಮ ಎಲ್ಲರಿಗಿಂತ ಕೊನೆ. ಅವನಿಗೆ ಇನ್ನೂ ಒಂದು ಸುತ್ತು ಬಾಕಿ ಇರುವಾಗಲೇ ಮುಂದಿನ ಸ್ಪರ್ಧೆಗೆ ಹುಡುಗರನ್ನು ಮೈಕಿನಲ್ಲಿ ಕೂಗಲು ಶುರುಮಾಡಿದ್ದರು. ಪೆಂಡಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಅಣ್ಣನ ಕಡೆ ಕೈ ತೋರಿಸಿ, "ಇವನ ತಾತ ಟಪಾಲು ಚೀಲ ಹೊತ್ತು ಹಳ್ಳಿಯಿಂದ ಹಳ್ಳಿಗೆ ಓಡ್ತಿದ್ದವರು. ಓಟ ಇವನಿಗೆ ರಕ್ತದಲ್ಲೇ ಬಂದಿದೆ ಬಿಡಿ" ಎಂದರು. ಮೇಷ್ಟ್ರು ಸ್ಟಾಪ್‌ವಾಚಿನಿಂದ ಕಣ್ಣು ತೆಗೆಯಲಿಲ್ಲ. ತಮ್ಮ ಗೆರೆ ದಾಟುವವರೆಗೂ ಕಾದು, ಗುಂಡಿ ಒತ್ತಿ, ಆಮೇಲೆ ಕೇಳಿದರು: "ಸರಿ ಸ್ವಾಮಿ, ಹಾಗಾದರೆ ಚಿಕ್ಕವನ ಮೈಯಲ್ಲಿ ಹರಿಯೋದು ಯಾರ ರಕ್ತ?"

ಆ ಪ್ರಶ್ನೆಗೆ ಅವತ್ತು ಯಾರೂ ಉತ್ತರ ಕೊಡಲಿಲ್ಲ. ಕಳೆದ ಐವತ್ತು ವರ್ಷಗಳಲ್ಲಿ ವಿಜ್ಞಾನ ಅದಕ್ಕೆ ಏನು ಉತ್ತರ ಕಂಡುಕೊಂಡಿದೆ ಎಂಬುದನ್ನು ನಿಮ್ಮ ಮುಂದಿಡುವುದು ಇವತ್ತಿನ ನನ್ನ ಕೆಲಸ.

1. ದಮ್ಮು ಎಂದರೇನು?

ದೂರ ಓಡುವವನನ್ನು ನೋಡಿ ನಾವು "ದಮ್ ಇದೆ" ಎನ್ನುತ್ತೇವೆ. ಈ ದಮ್ಮನ್ನು ಅಳೆಯಬಹುದು. ಪ್ರಯೋಗಾಲಯದಲ್ಲಿ ಓಟಗಾರನನ್ನು ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿ ಮೂಗು ಬಾಯಿ ಮುಚ್ಚುವಂತೆ ಮುಖವಾಡ ಕಟ್ಟುತ್ತಾರೆ. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಎಷ್ಟು, ಹೊರಗೆ ಬರುವ ಗಾಳಿಯಲ್ಲಿ ಎಷ್ಟು ಎಂದು ಯಂತ್ರ ಲೆಕ್ಕ ಇಡುತ್ತದೆ. ಒಂದೆರಡು ನಿಮಿಷಕ್ಕೊಮ್ಮೆ ವೇಗವನ್ನೋ ಏರನ್ನೋ ಹೆಚ್ಚಿಸುತ್ತಾ ಹೋಗುತ್ತಾರೆ. ಮೊದಲು ಹುಡುಗ ನಗುತ್ತಲೇ ಓಡುತ್ತಾನೆ. ಎಂಟನೆಯ ನಿಮಿಷಕ್ಕೆ ಕತ್ತಿನ ನರಗಳು ಎದ್ದು ಕಾಣುತ್ತವೆ, ಬೆವರು ಪಟ್ಟಿಯ ಮೇಲೆ ತೊಟ್ಟಿಕ್ಕುತ್ತದೆ. ಕೊನೆಗೊಂದು ಘಟ್ಟ ಬರುತ್ತದೆ. ವೇಗ ಏರಿದರೂ ದೇಹ ಬಳಸುವ ಆಮ್ಲಜನಕದ ಪ್ರಮಾಣ ಏರುವುದಿಲ್ಲ. ಅಲ್ಲಿಗೆ ಆ ದೇಹದ ಗರಿಷ್ಠ ಸಿಕ್ಕಿತು. ಇದನ್ನು ವಿಓ-2 ಮ್ಯಾಕ್ಸ್ ಎನ್ನುತ್ತಾರೆ. ಆರೋಗ್ಯವಂತ ಸಾಮಾನ್ಯ ಯುವಕನಲ್ಲಿ ಇದು ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 40ರಿಂದ 45 ಮಿಲಿಲೀಟರ್. ಅಂತಾರಾಷ್ಟ್ರೀಯ ಮಟ್ಟದ ದೂರದ ಓಟಗಾರರಲ್ಲಿ 70ರಿಂದ 85.

ಈ ಆಮ್ಲಜನಕ ಗಾಳಿಯಿಂದ ಸ್ನಾಯುವಿಗೆ ತಲುಪುವ ದಾರಿ ಉದ್ದವಾದದ್ದು. ಶ್ವಾಸಕೋಶ ಅದನ್ನು ಹೀರಬೇಕು, ಹಿಮೋಗ್ಲೋಬಿನ್ ಹೊತ್ತುಕೊಳ್ಳಬೇಕು, ಹೃದಯ ತಳ್ಳಬೇಕು, ಸ್ನಾಯುವಿನ ಸಣ್ಣ ರಕ್ತನಾಳಗಳು ಹಂಚಬೇಕು, ಜೀವಕೋಶದೊಳಗಿನ ಮೈಟೊಕಾಂಡ್ರಿಯ ಅದನ್ನು ಬಳಸಿ ಶಕ್ತಿ ತೆಗೆಯಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಗರಿಷ್ಠದ ಎಷ್ಟು ಪಾಲನ್ನು ಒಂದೆರಡು ಗಂಟೆ ಸತತವಾಗಿ ತಡೆದುಕೊಳ್ಳಬಲ್ಲ ಎಂಬುದು ಎರಡನೆಯ ಮಾತು. ಒಂದು ಕಿಲೋಮೀಟರ್ ಓಡಲು ಎಷ್ಟು ಆಮ್ಲಜನಕ ಖರ್ಚು ಮಾಡುತ್ತಾನೆ ಎಂಬುದು ಮೂರನೆಯದು. ಒಂದೇ ಲೀಟರ್ ಪೆಟ್ರೋಲಿಗೆ ಒಂದು ಬೈಕು ನಲವತ್ತು ಕಿಲೋಮೀಟರ್, ಇನ್ನೊಂದು ಎಪ್ಪತ್ತು ಕಿಲೋಮೀಟರ್ ಓಡುವುದಿಲ್ಲವೆ? ದೇಹಗಳ ನಡುವೆಯೂ ಅಂಥ ಮೈಲೇಜಿನ ವ್ಯತ್ಯಾಸ ಇರುತ್ತದೆ.

ಈ ಇಡೀ ದಾರಿಯ ಪ್ರತಿಯೊಂದು ಮೆಟ್ಟಿಲನ್ನೂ ಕಟ್ಟುವುದು ಪ್ರೋಟೀನುಗಳು. ಪ್ರೋಟೀನುಗಳ ನಕ್ಷೆ ಇರುವುದು ಜೀನುಗಳಲ್ಲಿ. ಹಾಗಾಗಿ ಓಟದಲ್ಲಿ ಜೀನಿನ ಪಾತ್ರ ಇದೆಯೋ ಇಲ್ಲವೋ ಎಂಬ ವಾದಕ್ಕೆ ಅರ್ಥವಿಲ್ಲ. ಇದೆ. ಎಷ್ಟಿದೆ, ಹೇಗಿದೆ, ಯಾರ ನಡುವಿನ ವ್ಯತ್ಯಾಸವನ್ನು ಅದು ವಿವರಿಸುತ್ತದೆ ಎಂಬುದನ್ನು ಮಾತ್ರ ನಾವು ಕೇಳಬೇಕು.

2. ಅವಳಿಗಳಿಂದ ಮನೆತನಗಳಿಗೆ

ಮೊದಲ ಉತ್ತರ ಬಂದದ್ದು ಅವಳಿ ಮಕ್ಕಳಿಂದ. ಒಂದೇ ಭ್ರೂಣ ಒಡೆದು ಹುಟ್ಟಿದ ಅವಳಿಗಳ ಡಿಎನ್ಎ ಹೆಚ್ಚುಕಡಿಮೆ ಒಂದೇ. ಬೇರೆ ಬೇರೆ ಭ್ರೂಣದ ಅವಳಿಗಳು ಅಣ್ಣ ತಮ್ಮಂದಿರಷ್ಟೇ ಹೋಲುತ್ತಾರೆ. ಈ ಎರಡು ಬಗೆಯ ಜೋಡಿಗಳ ದಮ್ಮನ್ನು ಅಳೆದು ಹೋಲಿಸಿದರೆ ಆನುವಂಶಿಕತೆಯ ಪಾಲು ಅಂದಾಜಿಗೆ ಸಿಗುತ್ತದೆ. ಗ್ರೀಕ್ ಮೂಲದ ವಿಜ್ಞಾನಿ ವಾಸಿಲಿಸ್ ಕ್ಲಿಸೂರಾಸ್ 1971ರಲ್ಲಿ 25 ಜೋಡಿ ಹುಡುಗರನ್ನು ಪರೀಕ್ಷಿಸಿ, ವಿಓ-2 ಮ್ಯಾಕ್ಸ್‌ನ ವ್ಯತ್ಯಾಸದಲ್ಲಿ ಶೇ. 93ರಷ್ಟು ಆನುವಂಶಿಕ ಎಂದು ಪ್ರಕಟಿಸಿದರು. ಆ ಅಂಕಿ ಬಹಳ ದೊಡ್ಡದು. ಮುಂದಿನ ದೊಡ್ಡ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ, ಅರ್ಧದ ಆಸುಪಾಸಿಗೆ ಇಳಿಯಿತು.

ಆ ದೊಡ್ಡ ಅಧ್ಯಯನಗಳಲ್ಲಿ ಮುಖ್ಯವಾದದ್ದು ಕೆನಡಾದ ಕ್ಲಾಡ್ ಬುಶಾರ್ ಮುಂದಾಳತ್ವದ ಹೆರಿಟೇಜ್ ಕುಟುಂಬ ಅಧ್ಯಯನ. ಇದರ ಒಂದು ಭಾಗದಲ್ಲಿ 98 ಕುಟುಂಬಗಳ 481 ಮಂದಿ ಇದ್ದರು. ತಂದೆ, ತಾಯಿ, ಬೆಳೆದ ಮಕ್ಕಳು, ಎಲ್ಲರೂ ವ್ಯಾಯಾಮದ ಅಭ್ಯಾಸವೇ ಇಲ್ಲದವರು. ಅವರಿಗೆಲ್ಲ 20 ವಾರ, ವಾರಕ್ಕೆ ಮೂರು ದಿನ, ನಿಂತ ಸೈಕಲಿನ ಮೇಲೆ ಒಂದೇ ಕ್ರಮದ ತರಬೇತಿ ಕೊಟ್ಟರು. ಪೆಡಲಿನ ಬಿಗಿಯನ್ನು ಅವರವರ ಹೃದಯ ಬಡಿತಕ್ಕೆ ತಕ್ಕಂತೆ ಯಂತ್ರವೇ ಹೊಂದಿಸುತ್ತಿತ್ತು, ಹಾಗಾಗಿ ಯಾರೂ ಮೈಗಳ್ಳತನ ಮಾಡುವಂತಿರಲಿಲ್ಲ. ಇಪ್ಪತ್ತು ವಾರಗಳ ಬಳಿಕ ಅಳೆದಾಗ ಸರಾಸರಿ ಏರಿಕೆ ನಿಮಿಷಕ್ಕೆ ಸುಮಾರು 400 ಮಿಲಿಲೀಟರ್ ಆಮ್ಲಜನಕ. ಆದರೆ ಈ ಸರಾಸರಿಯ ಹಿಂದೆ ದೊಡ್ಡ ಅಂತರ ಅಡಗಿತ್ತು. ಕೆಲವರಲ್ಲಿ ಏರಿಕೆ ಸೊನ್ನೆಯ ಹತ್ತಿರ, ಕೆಲವರಲ್ಲಿ ಒಂದು ಲೀಟರಿಗೂ ಹೆಚ್ಚು. ಒಂದೇ ಮನೆಯವರ ಏರಿಕೆ ಒಂದನ್ನೊಂದು ಹೋಲುತ್ತಿತ್ತು. ಮನೆಮನೆಗಳ ನಡುವಿನ ವ್ಯತ್ಯಾಸ ಮನೆಯೊಳಗಿನ ವ್ಯತ್ಯಾಸದ ಎರಡೂವರೆ ಪಟ್ಟು. 1999ರಲ್ಲಿ ಬಂದ ವರದಿಯ ಪ್ರಕಾರ ತರಬೇತಿಗೆ ದೇಹ ಓಗೊಡುವ ಗುಣದಲ್ಲಿ ಆನುವಂಶಿಕ ಪಾಲು ಶೇ. 47ರವರೆಗೆ.

ಇಲ್ಲಿ ಗಮನಿಸಬೇಕಾದ್ದು, ಹುಟ್ಟಿನಿಂದ ಬಂದ ದಮ್ಮು ಬೇರೆ, ಬೆವರಿಗೆ ಓಗೊಡುವ ಗುಣ ಬೇರೆ. ಮೊದಲ ದಿನ ಹಿಂದಿದ್ದವನು ಇಪ್ಪತ್ತನೆಯ ವಾರಕ್ಕೆ ಹೆಚ್ಚು ಏರಿಕೆ ಕಂಡಿರಬಹುದು. ಮೊದಲ ದಿನದ ಓಟ ನೋಡಿ ಮಗುವನ್ನು ಮನೆಗೆ ಕಳಿಸುವ ನಮ್ಮ ಪದ್ಧತಿ ಈ ಎರಡನೆಯ ಗುಣವನ್ನು ನೋಡುವುದೇ ಇಲ್ಲ. ಇನ್ನೂ ಒಂದು ಮಾತು. ಏರಿಕೆಯೇ ಕಾಣದವರನ್ನು ಹಿಡಿದು 2017ರಲ್ಲಿ ಡೇವಿಡ್ ಮೊಂಟೆರೊ ಮತ್ತು ಕಾರ್ಸ್ಟನ್ ಲುಂಡ್ಬಿ ಮತ್ತೊಂದು ಪ್ರಯೋಗ ಪ್ರಕಟಿಸಿದರು. ಆರು ವಾರದಲ್ಲಿ ಏರದವರಿಗೆ ಇನ್ನೂ ಆರು ವಾರ, ವಾರಕ್ಕೆ ಎರಡು ಗಂಟೆ ಹೆಚ್ಚಿಗೆ ತರಬೇತಿ ಕೊಟ್ಟರು. ಏರಿಕೆ ಕಾಣದೆ ಉಳಿದವರು ಒಬ್ಬರೂ ಇರಲಿಲ್ಲ. ಜೀನು ಬಾಗಿಲು ಮುಚ್ಚಿರಲಿಲ್ಲ, ಕೆಲವರ ಬಾಗಿಲನ್ನು ಸ್ವಲ್ಪ ಜೋರಾಗಿ ತಟ್ಟಬೇಕಿತ್ತು ಅಷ್ಟೆ.

ಆನುವಂಶಿಕ ಪಾಲು ಎಂಬ ಅಂಕಿಯನ್ನೂ ಸರಿಯಾಗಿ ಓದಬೇಕು. ಶೇ. 50 ಎಂದರೆ ನಿಮ್ಮ ಓಟದ ಅರ್ಧ ಜೀನಿನದು, ಅರ್ಧ ಅಭ್ಯಾಸದ್ದು ಎಂದಲ್ಲ. ಒಂದು ಗುಂಪಿನ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನುಗಳ ವ್ಯತ್ಯಾಸದಿಂದ ಬಂದದ್ದು ಎಂಬುದಷ್ಟೇ ಅದರ ಅರ್ಥ. ಒಂದು ಹಾಸ್ಟೆಲಿನ ನೂರು ಮಕ್ಕಳಿಗೂ ಒಂದೇ ಊಟ, ಒಂದೇ ಮೈದಾನ, ಒಂದೇ ನಿದ್ದೆ ಕೊಟ್ಟರೆ, ಉಳಿಯುವ ವ್ಯತ್ಯಾಸದಲ್ಲಿ ಜೀನಿನ ಪಾಲು ದೊಡ್ಡದಾಗಿ ಕಾಣುತ್ತದೆ. ಅರ್ಧ ಮಕ್ಕಳನ್ನು ಉಪವಾಸ ಕೆಡವಿದರೆ ಅದೇ ಪಾಲು ಕುಗ್ಗುತ್ತದೆ, ವ್ಯತ್ಯಾಸವನ್ನೆಲ್ಲ ಹಸಿವೇ ಆಳುತ್ತದೆ. ಅಂದರೆ ಅವಕಾಶ ಸಮನಾಗಿರುವ ಸಮಾಜದಲ್ಲಿ ಮಾತ್ರ ಹುಟ್ಟುಗುಣದ ಬಗ್ಗೆ ಮಾತಾಡುವ ಹಕ್ಕು ನಮಗೆ ಬರುತ್ತದೆ. ನಾವು ಇನ್ನೂ ಅಲ್ಲಿಗೆ ತಲುಪಿಲ್ಲ.

3. ಪೆಲ್ಲೊದ ಗಡಿ ಕಾವಲುಗಾರ

ಒಂದೇ ಒಂದು ಜೀನು ಒಬ್ಬ ಕ್ರೀಡಾಪಟುವಿನ ರಕ್ತವನ್ನು ಬದಲಿಸಿದ ಸ್ಪಷ್ಟ ಉದಾಹರಣೆ ಇದೆ. ಅವರು ಓಟಗಾರರಲ್ಲ, ಹಿಮದ ಮೇಲೆ ದೂರ ಸಾಗುವ ಸ್ಕೀಯರ್. ಆದರೆ ಬೇಕಾದ ದಮ್ಮು ಒಂದೇ. ಫಿನ್ಲೆಂಡಿನ ಉತ್ತರ ಭಾಗದ ಪೆಲ್ಲೊ ಪ್ರದೇಶದಲ್ಲಿ 1937ರಲ್ಲಿ ಹುಟ್ಟಿದ ಏರೊ ಮ್ಯಾಂತೂರಾಂತ ಗಡಿ ಕಾವಲು ಪಡೆಯ ನೌಕರ. 1960ರ ಒಲಿಂಪಿಕ್ಸ್‌ನಲ್ಲಿ ರಿಲೇ ಚಿನ್ನ, 1964ರ ಇನ್ಸ್‌ಬ್ರುಕ್‌ನಲ್ಲಿ 15 ಮತ್ತು 30 ಕಿಲೋಮೀಟರುಗಳಲ್ಲಿ ಚಿನ್ನ, ಒಟ್ಟು ಏಳು ಒಲಿಂಪಿಕ್ ಪದಕ.

ಅವರ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 100 ಮಿಲಿಲೀಟರಿಗೆ 20 ಗ್ರಾಮಿಗೂ ಮೇಲೆ ಇರುತ್ತಿತ್ತು. ಆರೋಗ್ಯವಂತ ಗಂಡಸಿನಲ್ಲಿ ಅದು ಹದಿನೇಳೂವರೆ ದಾಟುವುದು ಅಪರೂಪ. ಜನ ಅನುಮಾನಿಸಿದರು, ಏನೋ ಮೋಸ ಮಾಡಿದ್ದಾನೆ ಎಂದರು. ಉತ್ತರ ಸಿಗಲು ಮೂರು ದಶಕ ಬೇಕಾಯಿತು. ಆಲ್ಬರ್ಟ್ ಡಿ ಲ ಶಪೆಲ್ ನೇತೃತ್ವದ ಫಿನ್ನಿಷ್ ವಿಜ್ಞಾನಿಗಳು ಅವರ ಕುಟುಂಬದ 97 ಮಂದಿಯನ್ನು ಪರೀಕ್ಷಿಸಿದರು. 29 ಮಂದಿಯಲ್ಲಿ ಇದೇ ಲಕ್ಷಣ. 1993ರಲ್ಲಿ ಕಾರಣ ಪ್ರಕಟವಾಯಿತು.

ಕೆಂಪು ರಕ್ತಕಣ ತಯಾರಿಸಲು ಮೂಳೆಮಜ್ಜೆಗೆ ಆಜ್ಞೆ ಕೊಡುವುದು ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನು, ಕ್ರೀಡಾಲೋಕದ ಭಾಷೆಯಲ್ಲಿ ಇಪಿಒ. ಅದು ಕೆಲಸ ಮಾಡಬೇಕಾದರೆ ಮಜ್ಜೆಯ ಜೀವಕೋಶದ ಮೇಲಿರುವ ಗ್ರಾಹಿಗೆ ಅಂಟಬೇಕು. ಗ್ರಾಹಿಯ ಬಾಲದಲ್ಲಿ ಒಂದು ಬ್ರೇಕು ಇದೆ. ಸಾಕು ಎನಿಸಿದಾಗ ಅದು ಆಜ್ಞೆಯನ್ನು ನಿಲ್ಲಿಸುತ್ತದೆ. ಈ ಕುಟುಂಬದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಗ್ರಾಹಿ ಪೂರ್ತಿ ತಯಾರಾಗುವ ಮುಂಚೆಯೇ ನಿಂತುಹೋಗುತ್ತಿತ್ತು. ಬ್ರೇಕು ಇರುವ ಬಾಲವೇ ಇಲ್ಲ. ಸ್ವಲ್ಪವೇ ಹಾರ್ಮೋನಿಗೆ ರಾಶಿ ರಾಶಿ ರಕ್ತಕಣ. ಮುಂದೆ ಎಷ್ಟೋ ಕ್ರೀಡಾಪಟುಗಳು ಸೂಜಿ ಚುಚ್ಚಿಕೊಂಡು ಕದಿಯಲು ಹೊರಟದ್ದನ್ನು ಈ ಮನುಷ್ಯ ಹುಟ್ಟಿನಿಂದಲೇ ಪಡೆದಿದ್ದರು.

ಇಷ್ಟು ಕೇಳಿದ ಮೇಲೆ "ಹಾಗಾದರೆ ಎಲ್ಲ ಜೀನೇ" ಎನ್ನಬೇಡಿ. ಅದೇ ಬದಲಾವಣೆ ಹೊತ್ತ ಆ ಮನೆತನದ ಇತರರೆಲ್ಲ ಚಾಂಪಿಯನ್ನರಾಗಲಿಲ್ಲ. ಹಲವರು ಸಾಮಾನ್ಯರಂತೆ ಬಾಳಿ ವಯಸ್ಸಾದರು. ಮ್ಯಾಂತೂರಾಂತ ಬಡತನದಲ್ಲಿ, ಶಾಲೆಗೂ ಕೆಲಸಕ್ಕೂ ಹಿಮದ ಮೇಲೆ ಜಾರುತ್ತಲೇ ಬೆಳೆದವರು. ಕೊಡಪಾನ ದೊಡ್ಡದಿದ್ದರೂ ನೀರು ಹೊತ್ತು ತರಬೇಕಾದವರು ಅವರೇ.

4. ಒಂದಲ್ಲ, ಸಾವಿರ

ಮ್ಯಾಂತೂರಾಂತ ಕುಟುಂಬದಂಥ ಉದಾಹರಣೆ ಬಲು ವಿರಳ. ಆದರೂ ಒಂದು ಕಾಲದಲ್ಲಿ ವಿಜ್ಞಾನಿಗಳು ಓಟದ ಜೀನ್ ಎಂಬ ಒಂದನ್ನು ಹುಡುಕಿ ಹೊರಟರು. 1998ರಲ್ಲಿ ಲಂಡನ್ನಿನ ಹ್ಯೂ ಮಾಂಟ್ಗೊಮೆರಿ ತಂಡ ರಕ್ತದೊತ್ತಡಕ್ಕೆ ಸಂಬಂಧಿಸಿದ ಎಸಿಇ ಎಂಬ ಜೀನಿನತ್ತ ಬೆರಳು ತೋರಿಸಿತು. ಏಳು ಸಾವಿರ ಮೀಟರಿಗೂ ಮೇಲೆ ಸಿಲಿಂಡರಿನ ಆಮ್ಲಜನಕವಿಲ್ಲದೆ ಏರಿದ 25 ಬ್ರಿಟಿಷ್ ಪರ್ವತಾರೋಹಿಗಳಲ್ಲಿ ಅದರ ಒಂದು ರೂಪ ಹೆಚ್ಚಾಗಿ ಕಂಡಿತ್ತು. ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಹೆಚ್ಚು ಕ್ರೀಡಾಪಟುಗಳನ್ನು ಸೇರಿಸಿಕೊಂಡ ಅಧ್ಯಯನದಲ್ಲಿ ಸಂಬಂಧ ಕಾಣಲಿಲ್ಲ. 2005ರಲ್ಲಿ ಕೆನ್ಯಾದ ಓಟಗಾರರಲ್ಲಿ ಹುಡುಕಿದಾಗಲೂ ಕಾಣಲಿಲ್ಲ.

ಎಸಿಟಿಎನ್-3 ಎಂಬ ಇನ್ನೊಂದು ಜೀನಿನ ಕತೆ ಇದಕ್ಕಿಂತ ಗಟ್ಟಿ. ಅದು ವೇಗದ ಸ್ನಾಯು ಎಳೆಗಳಲ್ಲಿ ಮಾತ್ರ ಇರುವ ಒಂದು ಪ್ರೋಟೀನನ್ನು ಕಟ್ಟುತ್ತದೆ. ತಂದೆಯಿಂದಲೂ ತಾಯಿಯಿಂದಲೂ ಇದರ ಕೆಟ್ಟ ಪ್ರತಿ ಬಂದವರಲ್ಲಿ ಆ ಪ್ರೋಟೀನು ಇರುವುದೇ ಇಲ್ಲ, ಆದರೂ ಅವರು ಆರೋಗ್ಯವಾಗಿಯೇ ಇರುತ್ತಾರೆ. ಯುರೋಪು ಮೂಲದವರಲ್ಲಿ ಸುಮಾರು ಶೇ. 18 ಮಂದಿ ಇಂಥವರು. ಸಿಡ್ನಿಯ ಕ್ಯಾಥರಿನ್ ನಾರ್ತ್ ತಂಡ 2003ರಲ್ಲಿ ಆಸ್ಟ್ರೇಲಿಯಾದ ಉನ್ನತ ಮಟ್ಟದ ಕ್ರೀಡಾಪಟುಗಳನ್ನು ಪರೀಕ್ಷಿಸಿದಾಗ ಕಡಿಮೆ ದೂರದ ವೇಗದ ಓಟಗಾರರಲ್ಲಿ ಈ ಕೊರತೆ ಬಹಳ ಕಡಿಮೆ ಇತ್ತು. ದೂರದ ಓಟಕ್ಕೆ ಈ ಕೊರತೆಯೇ ಅನುಕೂಲವೋ ಎಂದು ಕೇಳಿದವರೂ ಇದ್ದರು. 2007ರಲ್ಲಿ ಕೆನ್ಯಾ, ಇಥಿಯೋಪಿಯಾಗಳ ದೂರದ ಓಟಗಾರರನ್ನು ನೋಡಿದರೆ, ಅವರಿಗೂ ಅವರ ನೆರೆಹೊರೆಯ ಸಾಮಾನ್ಯರಿಗೂ ಈ ಜೀನಿನಲ್ಲಿ ವ್ಯತ್ಯಾಸವೇ ಇಲ್ಲ.

2016ರಲ್ಲಿ ಹಲವು ದೇಶಗಳ ಸುಮಾರು 1,500 ಶ್ರೇಷ್ಠ ದೂರದ ಓಟಗಾರರು ಮತ್ತು ಅಂಥದೇ ದಮ್ಮಿನ ಕ್ರೀಡೆಗಳವರ ಇಡೀ ಡಿಎನ್ಎಯನ್ನು ಜಾಲಾಡಿದ ವರದಿ ಬಂತು. ಅವರೆಲ್ಲರಿಗೂ ಸಾಮಾನ್ಯವಾದ, ಇತರರಿಂದ ಅವರನ್ನು ಬೇರ್ಪಡಿಸುವ ಡಿಎನ್ಎ ಗುರುತು ಸಿಗಲಿಲ್ಲ. ಇದರಿಂದ ಆನುವಂಶಿಕತೆ ಸುಳ್ಳಾಗುವುದಿಲ್ಲ. ಅದು ಎಷ್ಟೊಂದು ಚೂರುಗಳಾಗಿ ಹಂಚಿಹೋಗಿದೆ ಎಂಬುದು ತಿಳಿಯುತ್ತದೆ. ಅಳತೆಪಟ್ಟಿ ಹಿಡಿದು ನೋಡಬಹುದಾದ ಎತ್ತರವನ್ನೇ ತೆಗೆದುಕೊಳ್ಳಿ. 54 ಲಕ್ಷ ಜನರನ್ನು ಒಳಗೊಂಡ 2022ರ ಅಧ್ಯಯನದಲ್ಲಿ ಎತ್ತರಕ್ಕೆ ಸಂಬಂಧಿಸಿದ 12 ಸಾವಿರಕ್ಕೂ ಹೆಚ್ಚು ಡಿಎನ್ಎ ವ್ಯತ್ಯಾಸಗಳು ಸಿಕ್ಕವು. ಎತ್ತರಕ್ಕೇ ಇಷ್ಟಾದರೆ, ಹೃದಯ, ರಕ್ತ, ಸ್ನಾಯು, ಮೂಳೆ, ಛಲ ಎಲ್ಲ ಸೇರಿದ ಓಟಕ್ಕೆ ಎಷ್ಟು ಬೇಕು, ನೀವೇ ಯೋಚಿಸಿ.

5. ಇಟೆನ್ ಎಂಬ ಊರು

ಕೆನ್ಯಾದ ರಿಫ್ಟ್ ಕಣಿವೆಯ ಅಂಚಿನಲ್ಲಿ ಇಟೆನ್ ಎಂಬ ಚಿಕ್ಕ ಊರಿದೆ. ಎತ್ತರ ಸುಮಾರು 2,400 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ 450 ಮೀಟರಿಗೂ ಮೇಲೆ. ಆ ಸುತ್ತಿನ ಕಲೆಂಜಿನ್ ಸಮುದಾಯದವರು ಕೆನ್ಯಾದ ಜನಸಂಖ್ಯೆಯಲ್ಲಿ ಎಂಟರಲ್ಲಿ ಒಂದು ಪಾಲಿನ ಆಸುಪಾಸು. ಆದರೆ ಆ ದೇಶದ ಹೆಸರಾಂತ ಓಟಗಾರರಲ್ಲಿ ಬಹುಪಾಲು ಅವರೇ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಗೆದ್ದ ಕಿಪ್ ಕೇನೊ, 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ ಎಲಿಯುಡ್ ಕಿಪ್ಚೊಗೆ, 2023ರಲ್ಲಿ ಷಿಕಾಗೋದಲ್ಲಿ 2 ಗಂಟೆ 35 ಸೆಕೆಂಡಿನ ವಿಶ್ವದಾಖಲೆ ಬರೆದು ಮರುವರ್ಷವೇ ರಸ್ತೆ ಅಪಘಾತದಲ್ಲಿ ತೀರಿಕೊಂಡ ಕೆಲ್ವಿನ್ ಕಿಪ್ಟಮ್, ಎಲ್ಲರೂ ಆ ನಾಡಿನವರು.

ಇದು ಜೀನಿನ ಮಹಿಮೆಯೆ? ಸ್ವೀಡನ್ನಿನ ಬೆಂಗ್ಟ್ ಸಾಲ್ಟಿನ್ 1990ರ ದಶಕದಲ್ಲಿ ಕೆನ್ಯಾದ ಓಟಗಾರರನ್ನು ಸ್ಕ್ಯಾಂಡಿನೇವಿಯಾದ ಓಟಗಾರರ ಜತೆ ಹೋಲಿಸಿದರು. ವಿಓ-2 ಮ್ಯಾಕ್ಸ್‌ನಲ್ಲಿ ದೊಡ್ಡ ಅಂತರ ಇರಲಿಲ್ಲ. ಮೈಲೇಜಿನಲ್ಲಿ ಇತ್ತು, ಅದೇ ವೇಗಕ್ಕೆ ಅವರು ಕಡಿಮೆ ಆಮ್ಲಜನಕ ಬಳಸುತ್ತಿದ್ದರು. ಅವರ ಮೀನಖಂಡ ತೆಳು, ಕಾಲು ಹಗುರ. ಪಾದದ ತುದಿಯಲ್ಲಿ 100 ಗ್ರಾಂ ಹೆಚ್ಚಾದರೆ ಓಟದ ಖರ್ಚು ಸುಮಾರು ಶೇ. 1ರಷ್ಟು ಏರುತ್ತದೆ ಎಂಬುದು ಬೂಟುಗಳ ಪರೀಕ್ಷೆಯಿಂದ ಗೊತ್ತಾದ ಸಂಗತಿ. ಕಾಲಿನ ಆಕಾರ ಬಹುಮಟ್ಟಿಗೆ ಆನುವಂಶಿಕ ಎಂಬುದನ್ನು ನಾನು ಒಪ್ಪುತ್ತೇನೆ.

ಆದರೆ ಅದರ ಜತೆ ಇನ್ನೇನೇನು ಕೂಡಿಬಂದಿದೆ ನೋಡಿ. ತೆಳುಗಾಳಿಯಲ್ಲಿ ಹುಟ್ಟಿ ಬೆಳೆಯುವುದು, ಮಣ್ಣಿನ ದಾರಿಯಲ್ಲಿ ಶಾಲೆಗೆ ಓಡಿ ಹೋಗಿ ಓಡಿ ಬರುವುದು, ಒಂದು ಮ್ಯಾರಥಾನ್ ಗೆದ್ದರೆ ಇಡೀ ಮನೆತನ ಬಡತನದಿಂದ ಮೇಲೇಳುತ್ತದೆ ಎಂಬ ಕಣ್ಣೆದುರಿನ ಸತ್ಯ. ಇಟೆನ್‌ನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಗೆ 1976ರಲ್ಲಿ ಐರ್ಲೆಂಡಿನಿಂದ ಭೂಗೋಳ ಪಾಠ ಹೇಳಲು ಬಂದ ಬ್ರದರ್ ಕಾಮ್ ಒಕಾನಲ್ ಅಲ್ಲೇ ನಿಂತು, ವಿಶ್ವಚಾಂಪಿಯನ್ನರ ಸಾಲನ್ನೇ ತಯಾರು ಮಾಡಿದರು. ಕಿಪ್ಚೊಗೆಯ ನೆರೆಯಲ್ಲಿದ್ದವರು 1992ರ ಒಲಿಂಪಿಕ್ ಬೆಳ್ಳಿ ಗೆದ್ದ ಪ್ಯಾಟ್ರಿಕ್ ಸಾಂಗ್. ಹುಡುಗ ಕಿಪ್ಚೊಗೆ ಅವರ ಬಳಿ ಹೋಗಿ ತರಬೇತಿಯ ಪಟ್ಟಿ ಕೇಳಿದ, ಮಾಡಿ ಮುಗಿಸಿ ಮತ್ತೆ ಬಂದು ಮುಂದಿನದನ್ನು ಕೇಳಿದ. ಇಥಿಯೋಪಿಯಾದ ಬೆಕೋಜಿ ಎಂಬ ಊರಿನಲ್ಲೂ ಹೀಗೆಯೇ. ಸೆಂತಾಯೆಹು ಎಶೆತು ಎಂಬ ಶಾಲಾ ಮೇಷ್ಟ್ರ ಕೈಕೆಳಗೆ ದೆರಾರ್ತು ತುಲು, ಕೆನೆನಿಸಾ ಬೆಕೆಲೆ, ತಿರುನೆಶ್ ದಿಬಾಬಾ ಬೆಳೆದರು. ಈ ಎರಡೂ ಊರುಗಳಲ್ಲಿ ಚಾಂಪಿಯನ್ ಎಂದರೆ ಟಿವಿಯಲ್ಲಿ ಕಾಣುವ ದೇವರಲ್ಲ, ಪಕ್ಕದ ಮನೆಯವನು. ಅಂಥ ಊರಿನಲ್ಲಿ ಹುಟ್ಟುಗುಣ ಇರುವ ಮಗು ಯಾರ ಕಣ್ಣಿಗೂ ಬೀಳದೆ ಕಳೆದುಹೋಗುವುದು ಕಷ್ಟ.

6. ಮುಂಡಗೋಡದ ಎರಡು ಕತೆ

ಈಗ ನಮ್ಮ ನೆಲಕ್ಕೆ ಬರೋಣ. ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನಲ್ಲಿ 1966ರಿಂದ ಟಿಬೆಟನ್ನರ ವಸತಿ ಇದೆ. ಅದೇ ತಾಲ್ಲೂಕಿನಲ್ಲಿ, ಪಕ್ಕದ ಯಲ್ಲಾಪುರ, ಹಳಿಯಾಳಗಳಲ್ಲಿ ಸಿದ್ದಿ ಜನರಿದ್ದಾರೆ. ಮಾನವ ಜೀನಿನ ಎರಡು ದೊಡ್ಡ ಪಾಠಗಳು ಅಲ್ಲಿ ಅಕ್ಕಪಕ್ಕದಲ್ಲಿವೆ.

ಎತ್ತರದ ಜಾಗಕ್ಕೆ ಹೋದರೆ ನಮ್ಮ ರಕ್ತ ಗಟ್ಟಿಯಾಗುತ್ತದೆ, ಹಿಮೋಗ್ಲೋಬಿನ್ ಏರುತ್ತದೆ. ಟಿಬೆಟನ್ನರಲ್ಲಿ ಹಾಗೆ ಏರುವುದಿಲ್ಲ. ಇಪಿಎಎಸ್-1 ಎಂಬ ಜೀನಿನ ವಿಶೇಷ ರೂಪ ಅದನ್ನು ಹದದಲ್ಲಿಡುತ್ತದೆ ಎಂದು 2010ರಲ್ಲಿ ತಿಳಿಯಿತು. ಆ ರೂಪ ಡೆನಿಸೋವನ್ ಎಂಬ ಅಳಿದುಹೋದ ಪ್ರಾಚೀನ ಮಾನವರಿಂದ ಬಂದದ್ದು ಎಂದು 2014ರಲ್ಲಿ ಗೊತ್ತಾಯಿತು. ಮ್ಯಾಂತೂರಾಂತ ಕುಟುಂಬಕ್ಕೆ ಹೆಚ್ಚು ಹಿಮೋಗ್ಲೋಬಿನ್ ವರವಾದರೆ, ಟಿಬೆಟಿನ ಎತ್ತರದಲ್ಲಿ ಅದನ್ನು ಹೆಚ್ಚಾಗಲು ಬಿಡದಿರುವುದೇ ವರ. ಒಳ್ಳೆಯ ಜೀನ್, ಕೆಟ್ಟ ಜೀನ್ ಎಂದು ಪಟ್ಟಿ ಮಾಡಲು ಹೊರಟವರು ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಸಿದ್ದಿಗಳ ಕತೆ ನೋವಿನದು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಆಫ್ರಿಕ ಮೂಲದವರು, ಓಟ ಅವರ ರಕ್ತದಲ್ಲಿದೆ ಎಂಬ ನಂಬಿಕೆ ಅದರ ಹಿಂದಿತ್ತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. ಆದರೆ 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು, ಮಕ್ಕಳು ಕಾಡಿನಂಚಿನ ಊರುಗಳಿಗೆ ಮರಳಿದರು.

ಇಲ್ಲಿ ಎರಡು ತಪ್ಪುಗಳಾದವು. ಮೊದಲನೆಯದು ವಿಜ್ಞಾನದ್ದು. ಆಫ್ರಿಕ ಎಂಬುದು ಒಂದು ಜನಾಂಗವಲ್ಲ; ಜಗತ್ತಿನ ಬೇರೆ ಯಾವ ಖಂಡದಲ್ಲೂ ಇಲ್ಲದಷ್ಟು ಜೀನ್ ವೈವಿಧ್ಯ ಆ ಖಂಡದ ಜನರಲ್ಲಿದೆ. 2011ರ ಅಧ್ಯಯನದ ಪ್ರಕಾರ ಸಿದ್ದಿಗಳ ಪೂರ್ವಿಕರು ಬಾಂಟು ಭಾಷಿಕರು, ಅವರ ಜೀನುಗಳಲ್ಲಿ ಭಾರತದ, ಬಹುಶಃ ಯುರೋಪಿನ ಪಾಲೂ ಬೆರೆತಿದೆ. ಕಲೆಂಜಿನರು ನೈಲೋಟಿಕ್ ಗುಂಪಿನವರು. ಮೈಬಣ್ಣ ನೋಡಿ ಇಬ್ಬರನ್ನೂ ಒಂದೇ ಎನ್ನುವುದು ಕಣ್ಣಿನ ಅಂದಾಜು, ಅದರಲ್ಲಿ ಜೀನಿನ ಮಾತಿಲ್ಲ. ಎರಡನೆಯ ತಪ್ಪು ಇನ್ನೂ ದೊಡ್ಡದು. ರಕ್ತವನ್ನು ನಂಬಿದವರು ನೆಲವನ್ನು ಮರೆತರು. ಇಟೆನ್‌ನಲ್ಲಿ ದಶಕಗಟ್ಟಲೆ ಒಂದೇ ಕಡೆ ನಿಂತ ಗುರುಗಳಿದ್ದರು. ಇಲ್ಲಿ ಕೆಲವೇ ವರ್ಷಗಳಲ್ಲಿ ಎಲ್ಲ ಮುಗಿಯಿತು. ಆ ಮಕ್ಕಳು ಸೋಲಲಿಲ್ಲ. ಓಟ ಮುಗಿಯುವ ಮುಂಚೆಯೇ ಅವರ ಟ್ರ್ಯಾಕನ್ನು ಕಿತ್ತರು.

ಜೀನಿಗೆ ನಾವು ಕನ್ನಡದಲ್ಲಿ ವಂಶವಾಹಿ ಎಂಬ ಪದ ಮಾಡಿಕೊಂಡಿದ್ದೇವೆ. ಒಳ್ಳೆಯ ಪದವೇ. ಆದರೆ ಅದರಲ್ಲಿರುವ ವಂಶ ಎಂಬ ಮಾತು ನಮ್ಮ ಕಿವಿಗೆ ಕುಲ ಎಂದು ಕೇಳಿಸಿಬಿಡುತ್ತದೆ. ಹುಟ್ಟಿನಿಂದ ಮನುಷ್ಯನ ಯೋಗ್ಯತೆ ಅಳೆದು, ಕೋಟ್ಯಂತರ ಜನರನ್ನು ಶಾಲೆಯಿಂದ, ಕೆರೆಯಿಂದ, ಗುಡಿಯಿಂದ ದೂರ ಇಟ್ಟ ನಾಡು ನಮ್ಮದು. ಇಲ್ಲಿ ಈ ಪದವನ್ನು ಬಳಸುವಾಗ ಎಚ್ಚರ ಬೇಕು. ಮನುಷ್ಯರ ಜೀನ್ ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಯಾವುದೇ ಒಂದು ಜನಸಮುದಾಯದ ಒಳಗೇ ಇದೆ ಎಂದು ರಿಚರ್ಡ್ ಲೆವೊಂಟಿನ್ 1972ರಲ್ಲೇ ತೋರಿಸಿದರು. ವಂಶವಾಹಿ ಕುಲವನ್ನು ಹೊತ್ತು ತರುವುದಿಲ್ಲ. ಅದು ಪ್ರತಿ ಮಗುವಿನಲ್ಲೂ ಹೊಸದಾಗಿ ಕಲೆಸಿದ ಒಂದು ಹಿಡಿಯನ್ನು ತರುತ್ತದೆ.

7. ಹನ್ನೆರಡು ಗ್ರಾಂ

ಇತ್ತೀಚೆಗೆ ತಂದೆ ತಾಯಂದಿರು ನನ್ನ ಬಳಿ ಬಂದು, ಮಗುವಿನ ಎಂಜಲು ಕಳಿಸಿದರೆ ಯಾವ ಕ್ರೀಡೆ ಸರಿಹೊಂದುತ್ತದೆ ಎಂದು ಹೇಳುತ್ತಾರಂತೆ, ಮಾಡಿಸಬಹುದೆ ಎಂದು ಕೇಳುತ್ತಾರೆ. ಬೇಡ ಎನ್ನುತ್ತೇನೆ. 2015ರಲ್ಲಿ ಹಲವು ದೇಶಗಳ ಕ್ರೀಡಾ ವಿಜ್ಞಾನಿಗಳು ಸೇರಿ ಇದೇ ಮಾತು ಹೇಳಿದ್ದಾರೆ: ಪ್ರತಿಭೆ ಗುರುತಿಸಲು ಇಂಥ ಪರೀಕ್ಷೆಗಳಿಗೆ ಆಧಾರವಿಲ್ಲ, ಮಕ್ಕಳಿಗೆ ಮಾಡಿಸಲೇ ಕೂಡದು. ಒಂದು ಸ್ಟಾಪ್‌ವಾಚು ಮತ್ತು ಎರಡು ವರ್ಷದ ತಾಳ್ಮೆ ಅದಕ್ಕಿಂತ ಹೆಚ್ಚು ಹೇಳುತ್ತವೆ.

ಆದರೆ ಒಂದು ರಕ್ತ ಪರೀಕ್ಷೆ ಮಾಡಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಅದು ಹಿಮೋಗ್ಲೋಬಿನ್ ಪರೀಕ್ಷೆ. ಹಿಮೋಗ್ಲೋಬಿನ್ನಿನ ಒಂದು ಗ್ರಾಂ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಹದಿಹರೆಯದ ಹೆಣ್ಣುಮಗುವಿಗೆ 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಇರಬೇಕು. ಅಷ್ಟಿದ್ದರೆ ಅಷ್ಟು ರಕ್ತ ಸುಮಾರು 16 ಮಿಲಿಲೀಟರ್ ಹೊರಬಲ್ಲದು. ಎಂಟೇ ಗ್ರಾಂ ಇದ್ದರೆ ಹತ್ತೂಮುಕ್ಕಾಲು. ಮೂರನೇ ಒಂದು ಪಾಲು ಖೋತಾ. ಅವಳ ಹೃದಯ ಎಷ್ಟೇ ಒಳ್ಳೆಯದಿರಲಿ, ಕಾಲು ಎಷ್ಟೇ ಹಗುರವಿರಲಿ, ಅವಳು ಎರಡನೆಯ ಸುತ್ತಿಗೇ ಸೊಂಟ ಹಿಡಿದು ನಿಲ್ಲುತ್ತಾಳೆ. ನಾವು "ಇವಳ ಕೈಲಾಗಲ್ಲ" ಎಂದು ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತೇವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಇದಕ್ಕೆ ಬಹುಮಟ್ಟಿಗೆ ಕಾರಣ ಕಬ್ಬಿಣಾಂಶದ ಕೊರತೆ, ಜಂತುಹುಳು, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ. ಇದನ್ನು ಅವರು ಹುಟ್ಟಿನಿಂದ ತಂದಿಲ್ಲ, ನಾವು ಅವರ ಮೇಲೆ ಹೇರಿದ್ದೇವೆ. ಮ್ಯಾಂತೂರಾಂತಗೆ ಜೀನು ಕೊಟ್ಟದ್ದನ್ನು ಯಾರಿಗೂ ಕೊಡಲು ನಮ್ಮಿಂದಾಗದು. ಈ ಮಕ್ಕಳಿಂದ ನಾವು ಕಸಿದದ್ದನ್ನು ಮಾತ್ರ ಹಿಂದಿರುಗಿಸಬಹುದು. ಅದಕ್ಕೆ ಬೇಕಾದದ್ದು ವಾರಕ್ಕೊಂದು ಕಬ್ಬಿಣದ ಮಾತ್ರೆ, ತಟ್ಟೆಯಲ್ಲಿ ಸೊಪ್ಪು, ಕಾಳು, ಮೊಟ್ಟೆ, ಮತ್ತು ಹೆಣ್ಣುಮಕ್ಕಳು ಸಂಜೆ ನಿರ್ಭಯವಾಗಿ ಓಡಬಹುದಾದ ಒಂದು ಬಯಲು.

8. ಮೇಷ್ಟ್ರ ನೋಟುಬುಕ್ಕು

ಕೊನೆಗೆ ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಚಿಕ್ಕವನ ಮೈಯಲ್ಲಿ ಹರಿಯೋದು ಯಾರ ರಕ್ತ? ಅದೇ ತಾತನದು, ಅದೇ ಅಪ್ಪ ಅಮ್ಮನದು. ಆದರೆ ತಂದೆ ತಾಯಿ ಪ್ರತಿ ಮಗುವಿಗೂ ತಮ್ಮ ಜೀನುಗಳ ಅರ್ಧವನ್ನಷ್ಟೇ ಕೊಡುತ್ತಾರೆ, ಪ್ರತಿ ಸಲವೂ ಬೇರೆ ಅರ್ಧವನ್ನು. ದೊಡ್ಡವನಿಗೆ ಬಂದ ಸಾವಿರ ಚೂರುಗಳಲ್ಲಿ ಎಷ್ಟೋ ಚಿಕ್ಕವನಿಗೆ ಬರಲಿಲ್ಲ, ಚಿಕ್ಕವನಿಗೆ ಬಂದ ಎಷ್ಟೋ ದೊಡ್ಡವನಿಗಿಲ್ಲ. ಒಂದೇ ವಂಶ, ಎರಡು ದೇಹ. ತಾತನ ಟಪಾಲು ಚೀಲ ನೋಡಿ ಮೊಮ್ಮಗನ ಓಟ ಹೇಳಲಾಗದು.

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮನೆಯವರು ನನಗೆ ಒಂದು ಹಳೆಯ ನೋಟುಬುಕ್ಕು ಕೊಟ್ಟರು. ನೀಲಿ ಶಾಯಿ ಅಲ್ಲಲ್ಲಿ ಬೆವರಿಗೆ ಹರಡಿದೆ. ಅದರಲ್ಲಿ ಮೊದಲು ಬಂದವರು ಯಾರು, ಎರಡನೆಯವರು ಯಾರು ಎಂಬುದು ಎಲ್ಲೂ ಇಲ್ಲ. ಪ್ರತಿ ಮಗುವಿನ ಹೆಸರಿನ ಮುಂದೆ ಎರಡೇ ಕಾಲಂ: ಜೂನ್, ಜನವರಿ. ಮಳೆಗಾಲದ ಶುರುವಿನ ಸಮಯ, ಸಂಕ್ರಾಂತಿಯ ಹೊತ್ತಿನ ಸಮಯ. ಆ ವರ್ಷದ ಪುಟ ತೆಗೆದು ನೋಡಿದೆ. ಅಣ್ಣನ ಸಮಯ ಜೂನ್‌ಗೂ ಜನವರಿಗೂ ಇಳಿದದ್ದು ಒಂಬತ್ತು ಸೆಕೆಂಡು. ತಮ್ಮನದು ಒಂದು ನಿಮಿಷ ನಲವತ್ತು ಸೆಕೆಂಡು. ಆ ಪುಟದಲ್ಲಿ ಅಷ್ಟು ಇಳಿಸಿದವನು ಬೇರೆ ಯಾರೂ ಇಲ್ಲ. ತಾಲ್ಲೂಕಿನಲ್ಲಿ ಕೊನೆಯವನಾಗಿ ಗೆರೆ ದಾಟಿದ ಹುಡುಗನಿಗಾಗಿ ಮೇಷ್ಟ್ರು ಗುಂಡಿ ಒತ್ತದೆ ಕಾದದ್ದು ಯಾಕೆ ಎಂದು ನನಗೆ ಅವತ್ತು ತಿಳಿಯಿತು.

ಶಿಕ್ಷಕ ಮಿತ್ರರೆ, ನಾಳೆ ಬೆಳಿಗ್ಗೆ ನಿಮ್ಮ ಮೈದಾನದಲ್ಲೂ ಒಂದು ಮಗು ಕೊನೆಯಲ್ಲಿ ಬರುತ್ತದೆ. ಅದರ ವಂಶ ಕೇಳಬೇಡಿ, ಅದರ ಸಮಯ ಬರೆದಿಡಿ. ಮುಂದಿನ ಕಾಲಂ ಖಾಲಿ ಬಿಡಿ.